ಕತೆಯ ಕೊನೆ ಹೇಳಿಬಿಡುವ ಅತ್ತೆ

ನಮ್ಮ ಮನೆಯಲ್ಲಿ ಪುಸ್ತಕ ಇರುವುದು ಫ್ರಿಜ್ಜಿನ ಮೇಲೆ. ಕಪಾಟು ಇಲ್ಲವೆಂದಲ್ಲ, ಇದೆ. ಆದರೆ ಓದುತ್ತಿರುವ ಪುಸ್ತಕಕ್ಕೆ ಮಾತ್ರ ಫ್ರಿಜ್ಜಿನ ಮೇಲೇ ಜಾಗ, ಏಕೆಂದರೆ ಅದನ್ನು ಓದುವವರು ಇಬ್ಬರು. ಹಗಲು ಪಾಳಿ ಗಂಡನ ತಾಯಿಯದು, ಸಂಜೆ ಪಾಳಿ ನನ್ನದು. ನಾನು ತುಮಕೂರಿನಿಂದ ದಿನಾ ಕುಣಿಗಲ್ಲಿಗೆ ಹೋಗಿ ಶಾಲೆಯಲ್ಲಿ ಪಾಠ ಮಾಡಿ ಬರುವವಳು. ಅತ್ತೆ ಹಾಗಲವಾಡಿಯಲ್ಲಿ ಹುಟ್ಟಿ, ಗುಬ್ಬಿಯಲ್ಲಿ ಬೆಳೆದು, ಅಲ್ಲಿನ ಲೈಬ್ರರಿಯನ್ನು ಪೂರ್ತಿ ಓದಿ ಮುಗಿಸಿದ ಮೇಲೇ ಮದುವೆಗೆ ಒಪ್ಪಿದವರಂತೆ. ಹಾಗೆಂದು ಹೇಳುವವರು ಅವರೊಬ್ಬರೇ.

ಒಂದು ಪುಸ್ತಕಕ್ಕೆ ಇಬ್ಬರು ಓದುಗರಿದ್ದರೆ ಜಗಳ ತಪ್ಪಿದ್ದಲ್ಲ. ನಾನು ಗುರುತಿಗೆ ಬಸ್ ಟಿಕೆಟ್ ಇಡುತ್ತೇನೆ, ಅವರು ಪುಟದ ಮೂಲೆ ಮಡಚುತ್ತಾರೆ. ನನಗೆ ಹೊಸ ಕಾಗದದ ವಾಸನೆ ಇಷ್ಟ, ಅವರ ಕೈ ದಾಟಿ ಬಂದ ಪುಸ್ತಕಕ್ಕೆ ಇಂಗಿನ ಒಗ್ಗರಣೆಯ ವಾಸನೆ. ಅದನ್ನೆಲ್ಲ ಸಹಿಸಿಕೊಂಡೇನು. ಸಹಿಸಲಾಗದ್ದು ಬೇರೆಯೇ ಇದೆ. ಅತ್ತೆ ಯಾವ ಕಾದಂಬರಿ ಹಿಡಿದರೂ ಮೊದಲು ಓದುವುದು ಕೊನೆಯ ಪುಟ. "ಏನಾಗುತ್ತೆ ಅಂತ ಗೊತ್ತಿದ್ರೆ ನೆಮ್ದಿಯಾಗಿ ಓದ್ಬೋದು ಕಣಮ್ಮ" ಎನ್ನುತ್ತಾರೆ. ಓದಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರರು. ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ, "ಆ ಡಾಕ್ಟ್ರು ಹುಡ್ಗಿ ಕೊನೇಗೆ ಅವ್ನನ್ನ ಮದ್ವೆ ಆಗಲ್ಲ. ಕಾಫಿ ಕುಡೀತೀಯಾ?" ಎಂದುಬಿಡುತ್ತಾರೆ. ಆ ಕಾಫಿ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಕಳೆದ ವರ್ಷ ಇ-ರೀಡರ್ ಕೊಂಡಾಗ ಬ್ಯಾಗಿನ ಭಾರ ಕಡಿಮೆಯಾಗಲಿ ಎಂದು ಮನೆಯಲ್ಲಿ ಹೇಳಿದೆ. ಅದೂ ಸುಳ್ಳಲ್ಲ. ಹೆಬ್ಬೂರು ದಾಟುವವರೆಗೆ ಸೀಟು ಸಿಗದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ದಪ್ಪ ಕಾದಂಬರಿ ಬಿಡಿಸಲಾಗದು, ಇದನ್ನಾದರೆ ಹೆಬ್ಬೆರಳಿನಲ್ಲೇ ಓದಬಹುದು. ನಿಜವಾದ ಕಾರಣ, ಅತ್ತೆಗೆ ಇದರಲ್ಲಿ ಕೊನೆಯ ಪುಟ ಸಿಗುವುದಿಲ್ಲವೆಂಬುದು.

ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟರು. "ಇದು ಪುಸ್ತಕ ಅಲ್ಲ ಬುಡಮ್ಮ, ಮಿಷನ್ನು. ಇನ್ನೂ ಎಷ್ಟು ದಪ್ಪ ಉಳಿದೈತೆ ಅಂತ ಕೈಗೆ ಗೊತ್ತಾಗ್ಬೇಡ್ವಾ? ಚಾರ್ಜ್ ಹೋದ್ರೆ ಕತೆನೂ ಹೋಯ್ತಾ?"

ದಪ್ಪದ ವಿಷಯದಲ್ಲಿ ನಾನೂ ಅವರ ಕಡೆಯವಳೇ. ಭಾನುವಾರ ಮಂಚದ ಮೇಲೆ ಬಿದ್ದುಕೊಂಡು ಓದಲು ನನಗೂ ಕಾಗದವೇ ಬೇಕು. ಆದರೆ ಆಗ ಒಪ್ಪಿಕೊಳ್ಳಲಿಲ್ಲ.

ಆಮೇಲೆ ಒಂದು ವಿಚಿತ್ರ ನಡೆಯಿತು. ಫ್ರಿಜ್ಜಿನ ಮೇಲಿನ ಕಾಗದದ ಪುಸ್ತಕಗಳ ಕೊನೆಯನ್ನೂ ಅತ್ತೆ ಹೇಳುವುದು ನಿಲ್ಲಿಸಿದರು. ಮೊದಲು ನನಗೆ ಹಬ್ಬವೋ ಹಬ್ಬ. ದಿನ ಕಳೆದ ಹಾಗೆ ಅನುಮಾನ ಬಂತು. ಮಡಚಿದ ಮೂಲೆ ಎಷ್ಟು ದಿನವಾದರೂ ಮುಂದೆ ಹೋಗುತ್ತಿರಲಿಲ್ಲ. ಒಂದು ಸಂಜೆ ನಾನೇ ಬಾಯಿಬಿಟ್ಟು ಕೇಳಿದೆ: "ಅತ್ತೆ, ಇದ್ರಲ್ಲಿ ಕೊನೇಗೆ ಏನಾಗುತ್ತೆ?"

"ಎಲ್ಲಾ ಚೆನ್ನಾಗಾಗುತ್ತೆ ಬುಡಮ್ಮ" ಎಂದರು, ಹುರುಳಿಕಾಯಿ ಮುರಿಯುತ್ತಾ.

ನಾನು ಆ ಕಾದಂಬರಿಯನ್ನು ಅಷ್ಟರಲ್ಲಿ ಮುಗಿಸಿದ್ದೆ. ಅದರಲ್ಲಿ ಕೊನೆಗೆ ಒಂದು ನಾಯಿ ಸಹಿತ ಬದುಕುವುದಿಲ್ಲ. ಅತ್ತೆ ಕೊನೆಯ ಪುಟವನ್ನೂ ಓದಿರಲಿಲ್ಲ.

ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಪೊರೆ ಹಿಂದೆಯೇ ತೆಗೆಸಿದ್ದಾಗಿತ್ತು. ಈಗ ಒಳಗಿನ ನರವೇ ಸೋತಿದೆ, ಕನ್ನಡಕ ಬದಲಿಸಿ ಉಪಯೋಗವಿಲ್ಲ, ದಪ್ಪಕ್ಷರವಾದರೆ ಓದಬಹುದು ಎಂದರು. ದಪ್ಪಕ್ಷರ ಎಂದ ಕೂಡಲೇ ನನ್ನ ಕೈ ಬ್ಯಾಗಿನೊಳಗಿನ ಇ-ರೀಡರ್ ಹುಡುಕಿತು. ಅಕ್ಷರವನ್ನು ಬಸ್ಸಿನ ಬೋರ್ಡಿನಷ್ಟು ದೊಡ್ಡದು ಮಾಡಿ ಆಟೋದಲ್ಲೇ ತೋರಿಸಿದೆ. ಅತ್ತೆ ರಸ್ತೆಯ ಕಡೆ ಮುಖ ತಿರುಗಿಸಿದರು. "ಪಥ್ಯದ ಗಂಜಿ ಕೊಟ್ಟಂಗೆ ಕೊಡ್ಬೇಡ ನಂಗೆ. ಓದಿದ್ದು ಸಾಕಾಗೈತೆ." ಸಾಕಾಗಿದೆ ಎನ್ನುವ ಮಾತು ಅವರ ಬಾಯಲ್ಲಿ ಕೇಳಿ ನನಗೆ ಹೆದರಿಕೆಯೇ ಆಯಿತು. ಜಪ್ಪಯ್ಯ ಅಂದರೂ ಆಮೇಲೆ ಅದನ್ನು ಮುಟ್ಟಲಿಲ್ಲ. ಮಧ್ಯಾಹ್ನಗಳಲ್ಲಿ ಸುಮ್ಮನೆ ಜಗಲಿಯಲ್ಲಿ ಕೂತಿರುತ್ತಿದ್ದರು.

ಅಷ್ಟರಲ್ಲಿ ದಸರೆ ಬಂತು. ಸರಸ್ವತಿ ಪೂಜೆಯ ದಿನ ನಮ್ಮಲ್ಲಿ ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಪೂಜೆ ಮಾಡುತ್ತೇವೆ. ವಿಜಯದಶಮಿಯ ಬೆಳಿಗ್ಗೆ ಪೂಜೆ ಕದಲಿಸುವವರೆಗೆ ಯಾರೂ ಓದುವಂತಿಲ್ಲ. ಅತ್ತೆಯ ಕಟ್ಟುನಿಟ್ಟು ಎಷ್ಟೆಂದರೆ ಬೇಳೆ ಕಟ್ಟಿಕೊಟ್ಟ ಪೇಪರ್ ಚೂರನ್ನೂ ಓದಬಾರದು. ನಾನು ಇ-ರೀಡರನ್ನೂ ತಂದು ರಾಶಿಯ ಮೇಲಿಟ್ಟೆ. ಅತ್ತೆ ಅದನ್ನು ಎತ್ತಿ ನನ್ನ ಕೈಗೇ ಕೊಟ್ಟರು.

"ಇದನ್ನ ಆಯುಧ ಪೂಜೆ ದಿನ ಮಿಕ್ಸಿ, ಸ್ಕೂಟರ್ ಜತೆ ಇಡು. ಮಿಷನ್ನು ಅಂತ ಹೇಳಿಲ್ವಾ?"

"ಹಂಗಾದ್ರೆ ಅಲ್ಲೀವರ್ಗೂ ಇದನ್ನ ಓದ್ಬೋದು ಅನ್ನಿ."

ಅತ್ತೆ ಗಂಟೆ ಸ್ವಲ್ಪ ಜೋರಾಗಿಯೇ ಬಾರಿಸಿದರು.

ಮದುವೆಮನೆಯಲ್ಲಿ ಚಿನ್ನದ ಡಾಬು ಕಾಣೆಯಾಗುವ ಒಂದು ಪತ್ತೇದಾರಿ ಕತೆಯನ್ನು ನಾನು ಅರ್ಧ ಓದಿದ್ದೆ. ಅದನ್ನು ಮೊದಲ ಪುಟಕ್ಕೆ ತಂದು, ಅಕ್ಷರ ದೊಡ್ಡದು ಮಾಡಿ ಫ್ರಿಜ್ಜಿನ ಮೇಲಿಟ್ಟು, ಕೋಸಂಬರಿಗೆ ಸೌತೆಕಾಯಿ ಹೆಚ್ಚಲು ಹೋದೆ. ತಿರುಗಿ ಬಂದಾಗ ಫ್ರಿಜ್ಜಿನ ಮೇಲೆ ಏನೂ ಇರಲಿಲ್ಲ. ಅತ್ತೆ ಜಗಲಿಯಲ್ಲಿ ಸೆರಗಿನಲ್ಲಿ ಅದನ್ನು ಹಿಡಿದು ಕೂತಿದ್ದರು. ಪುಟ ತಿರುಗಿಸುವ ಮೊದಲು ಅಭ್ಯಾಸ ಬಲದಿಂದ ಬೆರಳಿಗೆ ಎಂಜಲು ಹಚ್ಚಿ ಗಾಜಿನ ಮೇಲೆ ಒತ್ತುತ್ತಿದ್ದರು.

ಸ್ವಲ್ಪ ಹೊತ್ತಿಗೆ ಒಳಗೆ ಕೂಗಿದರು: "ಇದ್ರಲ್ಲಿ ಕೊನೆ ಪುಟ ಎಲ್ಲಿಟ್ಟವ್ರೆ?"

"ನಂಗೂ ಗೊತ್ತಿಲ್ಲ ಅತ್ತೆ" ಎಂದೆ, ಸರಸ್ವತಿಯ ಎದುರೇ.

ಹೀಗಾಗಿ ನಮ್ಮತ್ತೆ ತಮ್ಮ ಜೀವಮಾನದಲ್ಲಿ ಮೊದಲ ಸಲ ಒಂದು ಕಾದಂಬರಿಯನ್ನು ಮುಂದಿನಿಂದ ಓದಿದರು. ನೆಮ್ಮದಿ ಹಾಳಾಯಿತು. ಸಾರಿಗೆ ಉಪ್ಪು ಮರೆತರು, ಹಾಲು ಉಕ್ಕಿಸಿದರು. ಆಯುಧ ಪೂಜೆಯ ದಿನ ಊರಂಚಿನ ಸತ್ಯಮಂಗಲದ ಫ್ಯಾಕ್ಟರಿಯಿಂದ ನನ್ನ ಗಂಡ ಪೂಜೆಯ ಕಳ್ಳೆಪುರಿ ತಂದಾಗಲೂ ಅತ್ತೆಯ ಕೈ ಪುರಿಯಲ್ಲಿ, ಕಣ್ಣು ಡಾಬಿನ ಹಿಂದೆ. ಮಿಕ್ಸಿಗೆ ಕುಂಕುಮ ಹಚ್ಚಿದ್ದಾಯಿತು, ಸ್ಕೂಟರಿಗೆ ನಿಂಬೆಹಣ್ಣು ಇಟ್ಟಿದ್ದಾಯಿತು. ನಾನು ಕೈ ಚಾಚಿದೆ.

"ಕೊಡಿ ಅತ್ತೆ, ಮಿಷನ್ನಿಗೆ ಪೂಜೆ."

ಅತ್ತೆ ಅದನ್ನು ಎದೆಗವುಚಿಕೊಂಡರು. "ಪುಸ್ತಕಕ್ಕೆ ಯಾರಾದ್ರೂ ಆಯುಧ ಪೂಜೆ ಮಾಡ್ತಾರೇನಮ್ಮ?"

"ಪುಸ್ತಕ ಆದ್ರೆ ಇವತ್ತು ಓದೋ ಹಂಗಿಲ್ಲ."

ಕ್ಯಾರೇ ಅನ್ನದೆ ಪುರಿಯ ಬಟ್ಟಲೂ ಎತ್ತಿಕೊಂಡು ಜಗಲಿಗೆ ಹೋದರು.

ವಿಜಯದಶಮಿಯ ಬೆಳಿಗ್ಗೆ ಪೂಜೆ ಕದಲಿಸಿ, ಸಂಪ್ರದಾಯದಂತೆ ಒಂದು ಪುಟ ಓದೋಣವೆಂದು ಫ್ರಿಜ್ಜಿನ ಬಳಿ ಹೋದೆ. ಇ-ರೀಡರ್ ಅಲ್ಲೇ ಇತ್ತು, ಬೆನ್ನಿಗೆ ಒಂದು ಕುಂಕುಮದ ಬೊಟ್ಟು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಡಾಬು ಬಚ್ಚಿಟ್ಟಿದ್ದು ಅಜ್ಜೀನೇ ಕಣಮ್ಮ. ಕಾಫಿ ಕುಡೀತೀಯಾ?"

ಅರ್ಧ ಕತೆಯವರೆಗೆ ಮದುಮಗಳ ಚಿಕ್ಕಪ್ಪನನ್ನೇ ಅನುಮಾನಿಸುತ್ತಾ ಕುಣಿಗಲ್ಲಿಗೂ ತುಮಕೂರಿಗೂ ಓಡಾಡಿದವಳು ನಾನು. "ಅತ್ತೇ!" ಎಂದು ಮೊದಲಿನ ಹಾಗೆಯೇ ಕಿರುಚಿದೆ. ಕಿರುಚುತ್ತಿದ್ದಂತೆ ಸಂತೋಷಕ್ಕೆ ಕಣ್ಣು ತುಂಬಿಕೊಂಡಿತು. ಅವರು ನನ್ನ ಕತೆ ಕೆಡಿಸಿ ಅದೆಷ್ಟು ಕಾಲವಾಗಿತ್ತು.

ಅತ್ತೆ ಲೋಟ ನನ್ನ ಕೈಗಿತ್ತು ಇ-ರೀಡರ್ ತಮ್ಮ ಕಡೆ ಎಳೆದುಕೊಂಡರು. "ಇನ್ನೊಂದು ಹಾಕ್ಕೊಡು. ನೀನು ಇನ್ನೂ ಓದ್ದೇ ಇರೋದು."