ಬೆಳ್ಯಪ್ಪಣ್ಣನ ದನಿ ಅಳಿಸಿದ ರಾತ್ರಿ

ಇದನ್ನು ನಂಬಿ ಎಂದು ನಾನು ಯಾರ ಕಾಲೂ ಹಿಡಿಯುವುದಿಲ್ಲ. ಕುಶಾಲನಗರದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಕೆಟ್ಟ ಯಂತ್ರಕ್ಕೆ ಕಾರಣ ಹುಡುಕುವುದೇ ನನ್ನ ಹೊಟ್ಟೆಪಾಡು. "ಸಾರ್, ನಮ್ ಕಂಪ್ಯೂಟರಿಗೆ ಯಾರ್ದೋ ದೃಷ್ಟಿ ತಾಗಿದೆ" ಎಂದು ಬಂದವರಿಗೆ ಪೆಟ್ಟಿಗೆ ಬಿಚ್ಚಿ, ಒಳಗೆ ಸತ್ತು ಒಣಗಿದ ಹಲ್ಲಿ ತೆಗೆದು ತೋರಿಸಿ ಕಳಿಸಿದವನು ನಾನು. ಅಂಥವನ ಕಣ್ಣೆದುರೇ ನಡೆದದ್ದು ಇದು. ಕಾರಣ ಇವತ್ತಿಗೂ ಸಿಕ್ಕಿಲ್ಲ. ಸಿಗದಿದ್ದುದು ನನ್ನನ್ನು ಒಳಗೊಳಗೇ ತಿನ್ನುತ್ತಿದೆ.

ಸೋಮವಾರಪೇಟೆ ಕಡೆಯ ಒಂದು ಕಾಫಿ ಎಸ್ಟೇಟ್. ಹೆಸರು ಬೇಡ, ಅವರೂ ಬಾಳಿ ಬದುಕಬೇಕಲ್ಲ. ಅಲ್ಲಿ ಆನೆ ಕಾಟ ಜಾಸ್ತಿ. ಕೆಲವು ವರ್ಷಗಳ ಹಿಂದೆ ಎಸ್ಟೇಟಿನ ಗಡಿಯಲ್ಲಿ ನಾನೇ ಕ್ಯಾಮೆರಾಗಳನ್ನು ಹಾಕಿ, ಆಫೀಸಿನ ಹಿಂದಿನ ಕೋಣೆಯಲ್ಲಿ ಕಬ್ಬಿಣದ ರ‍್ಯಾಕಿಗೆ ಒಂದು ಸರ್ವರ್ ಕೂರಿಸಿದ್ದೆ. ಕ್ಯಾಮೆರಾಗೆ ಆನೆ ಕಂಡರೆ ಸಾಕು, ಆ ಸರ್ವರ್ ತಾನೇ ಲೈನು ಮನೆಗಳಿಗೆಲ್ಲ, ಅಂದರೆ ಕೆಲಸಗಾರರ ಸಾಲುಮನೆಗಳಿಗೆಲ್ಲ, ಫೋನ್ ಮಾಡಿ ಎಚ್ಚರಿಸುತ್ತಿತ್ತು.

ಫೋನಿನಲ್ಲಿ ಮಾತಾಡಲು ಒಂದು ದನಿ ಬೇಕಿತ್ತು. ಎಸ್ಟೇಟಿನ ಆನೆ ಕಾವಲಿನ ಬೆಳ್ಯಪ್ಪಣ್ಣನನ್ನೇ ಕೂರಿಸಿ ಮಾತಾಡಿಸಿದೆ. "ಬೆಳ್ಯಪ್ಪ ಮಾತಾಡೋದು. ಆನೆ ಕೆರೆ ಹತ್ರ ಉಂಟು. ಯಾರೂ ಹೊರಗೆ ಬರ್ಬೇಡಿ." ಇದೇ ಮಾತನ್ನು ಹೊಳೆ ಬದಿಗೆ, ಕೆಳಗಿನ ಗೇಟಿಗೆ, ಲೈನಿನ ಹಿಂಭಾಗಕ್ಕೆ ಒಂದೊಂದು ಸಲ ಹೇಳಿದರು. ಅಷ್ಟೇ. ಕ್ಯಾಮೆರಾ ಇದ್ದದ್ದೇ ಆ ಜಾಗಗಳಲ್ಲಿ.

ಹಿಂದಿನ ಮಳೆಗಾಲದಲ್ಲಿ ಎದೆನೋವು ಬಂದು ಬೆಳ್ಯಪ್ಪಣ್ಣ ಹೋಗಿಬಿಟ್ಟರು. ಸರ್ವರಿಗೇನು ಗೊತ್ತು? ತಿಥಿಯ ಊಟ ಮುಗಿಸಿ ಜನ ಮನೆ ಸೇರುವಷ್ಟರಲ್ಲಿ ಎಲ್ಲರ ಫೋನೂ ಬಡಿದುಕೊಂಡಿತಂತೆ. "ಬೆಳ್ಯಪ್ಪ ಮಾತಾಡೋದು…" ಒಬ್ಬಳು ಫೋನನ್ನು ಒಲೆಗೇ ಎಸೆದಳಂತೆ. ಆಮೇಲೆ ಎಲ್ಲರಿಗೂ ರೂಢಿಯಾಯಿತು. 'ಸತ್ತ ಮೇಲೂ ಬೆಳ್ಯಪ್ಪಂಗೆ ರಜೆ ಇಲ್ಲ' ಎಂದು ತಮಾಷೆಯೂ ಶುರುವಾಯಿತು.

ತಮಾಷೆ ಮಾಡದೆ ಇದ್ದವರು ಒಬ್ಬರೇ. ಬೆಳ್ಯಪ್ಪಣ್ಣನ ಹೆಂಡತಿ ಜಾನಕಕ್ಕ. ಲೈನಿನಲ್ಲೇ ಇದ್ದರು, ಆಫೀಸು ಗುಡಿಸಿ ಕಾಫಿ ಮಾಡಿಕೊಡುವ ಕೆಲಸ. ಒಮ್ಮೆ ನನಗೆ ಲೋಟ ಕೊಡುತ್ತಾ ಹೇಳಿದ್ದರು. "ಆನೆ ಬರ್ತದೆ ಅಂದ್ರೆ ಎಲ್ಲರಿಗೂ ಭಯ. ನಾನು ಮಾತ್ರ ಇವತ್ತು ಬರ್ಲಪ್ಪ ಅಂತ ಕಾಯ್ತೀನಿ ಅಣ್ಣ. ಬಂದ್ರೆ ಇವರು ಫೋನ್ ಮಾಡ್ತಾರಲ್ಲ."

ನಾನು ಆವತ್ತು ಕಾಫಿ ಬಿಸಿ ಇದೆ ಎಂದು ನೆಪ ಹೇಳಿ ಮುಖ ತಿರುಗಿಸಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಕೈಲ್‌ಮುಹೂರ್ತ ಹಬ್ಬ ಬಂತು. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಅವತ್ತು ಕೋವಿ, ಕತ್ತಿ ಎಲ್ಲವನ್ನೂ ತೊಳೆದು, ಗಂಧ ಹಚ್ಚಿ, ತೋಕ್ ಪೂ ಎನ್ನುವ ಕಾಡುಹೂವಿಟ್ಟು ಪೂಜೆ ಮಾಡುತ್ತಾರೆ. ಪೂಜೆ ಮುಗಿಯುವ ತನಕ ಆಯುಧಕ್ಕೆ ವಿಶ್ರಾಂತಿ, ಯಾರೂ ಮುಟ್ಟುವಂತಿಲ್ಲ. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಮಾದಪ್ಪನವರು ಮಹಾ ನೇಮದ ಮನುಷ್ಯ. ಆನೆಯನ್ನು ತಡೆಯುವ ಸರ್ವರ್ ಆಯುಧವಲ್ಲದೆ ಮತ್ತೇನು ಎಂದು ಅವರಿಗೆ ಹೊಳೆದಿದೆ. ಓಡುತ್ತಿದ್ದ ಸರ್ವರಿನ ವಯರನ್ನು ಹಾಗೇ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿ ಹೋಗುವ ತೂತುಗಳ ಮೇಲೆಲ್ಲ ಗಂಧ ಬಳಿದು, ಕೋವಿಗಳ ಪಕ್ಕದಲ್ಲೇ ಅದಕ್ಕೂ ಆರತಿ ಎತ್ತಿದ್ದಾರೆ. ಮರುದಿನ ಸ್ವಿಚ್ ಹಾಕಿದರೆ ಅದು ಏಳಲಿಲ್ಲ.

ಸಂಜೆ ನಾನು ಹೋಗಿ ನೋಡಿದಾಗ ಡಿಸ್ಕಿನ ಗೂಡಿನೊಳಗೆ ಗಂಧದ ನೀರು ಇಳಿದು ಒಣಗಿತ್ತು. ಕೋಣೆ ತುಂಬ ಗಂಧದ ವಾಸನೆ, ಬಾಡಿದ ಹೂವಿನ ವಾಸನೆ. ಎರಡು ಡಿಸ್ಕಿನಲ್ಲಿ ಒಂದು ಪೂರ್ತಿ ಸತ್ತಿತ್ತು. ಇನ್ನೊಂದಕ್ಕೆ ಜೀವ ಇತ್ತು, ಒಳಗಿದ್ದದ್ದು ಮಾತ್ರ ಹುಳ ತಿಂದ ಕಾಳಿನ ಹಾಗೆ ಟೊಳ್ಳು.

"ಬ್ಯಾಕಪ್ ಇಟ್ಟಿದ್ದೀರಾ?" ಎಂದೆ.

"ಅದೆಲ್ಲಿ ಇಡ್ತಾರೆ ಮಾರಾಯ?" ಎಂದರು ಮಾದಪ್ಪ.

ಬ್ಯಾಕಪ್ ಎನ್ನುವುದು ದೇವರ ಹಾಗೆ. ಎಲ್ಲರೂ ಹೆಸರು ಹೇಳುತ್ತಾರೆ, ಕಂಡವರು ಯಾರೂ ಇಲ್ಲ.

ಆ ಡಿಸ್ಕನ್ನು ಅಳಿಸಿ, ಹೊಸದಾಗಿ ಲಿನಕ್ಸ್, ಅಂದರೆ ಸರ್ವರನ್ನು ಓಡಿಸುವ ತಂತ್ರಾಂಶ, ಹಾಕುವುದೊಂದೇ ದಾರಿ. ಬದಲಿ ಡಿಸ್ಕ್ ನನ್ನ ಬಳಿ ಇರಲಿಲ್ಲ. ತರಿಸಲು ದಿನಗಳು ಬೇಕು. ಒಂಟಿ ಸಲಗವೊಂದು ಎರಡು ದಿನದಿಂದ ತೋಟದಲ್ಲೇ ಸುತ್ತುತ್ತಿತ್ತು. ಬೆಳಕು ಹರಿಯುವ ಮೊದಲೇ ಲೈನಿನ ಹೆಂಗಸರು ನೀರಿಗೆ ಹೊರಡುತ್ತಾರೆ. ಫೋನಿನ ಎಚ್ಚರಿಕೆ ಇಲ್ಲದಿದ್ದರೆ ಅವರನ್ನು ಕಾಡಾನೆಯೆದುರು ಕಣ್ಣು ಕಟ್ಟಿ ಬಿಟ್ಟ ಹಾಗಾಗುತ್ತಿತ್ತು.

ಜಾನಕಕ್ಕ ಅಕ್ಕಿರೊಟ್ಟಿ ತಂದಿಟ್ಟು ಬಾಗಿಲಲ್ಲೇ ನಿಂತಿದ್ದರು. "ಅವರ ದನಿ ಉಳಿಯುತ್ತಲ್ಲ ಅಣ್ಣ?"

ನೋಡ್ತೀನಿ ಅಕ್ಕ ಎಂದೆ. ಪೆನ್‌ಡ್ರೈವಿನಿಂದ ಸರ್ವರ್ ಎಬ್ಬಿಸಿ, ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ದನಿಯ ಕಡತಗಳ ಹೆಸರು ಕಾಣುತ್ತಿತ್ತು. ಕೆರೆ, ಹೊಳೆ, ಗೇಟು, ಲೈನು. ತೆರೆದರೆ ಒಳಗೆ ಏನೂ ಇಲ್ಲ. ಜಾನಕಕ್ಕನ ಫೋನು ಹಳೇ ಬಟನ್ ಫೋನು, ಅದರಲ್ಲೂ ಏನೂ ಉಳಿದಿರಲಿಲ್ಲ. ನಾನು ಗುದ್ದಾಡುವಷ್ಟು ಹೊತ್ತೂ ಆಕೆ ಕಾಫಿ ಚೀಲದ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದರು. ಆ ನೋಟ ಬೆನ್ನಿಗೆ ಚುಚ್ಚುತ್ತಿತ್ತು.

ಕೊನೆಗೆ ಪರದೆ ಕೇಳಿತು. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ? ಸಾವಿರ ಸಲ ಕಣ್ಮುಚ್ಚಿ ಎಂಟರ್ ಒತ್ತಿದ ಪ್ರಶ್ನೆ ಅದು. ಅವತ್ತು ಬೆರಳು ಮುಂದೆ ಹೋಗಲಿಲ್ಲ.

"ಜಾನಕಕ್ಕ…"

"ಅಳಿಸಿ ಅಣ್ಣ." ಸೆರಗು ಬಾಯಿಗೆ ಹಿಡಿದಿದ್ದರು. "ನಾಳೆ ಯಾರ್ದಾದ್ರೂ ಜೀವ ಹೋದ್ರೆ ಅವರೇ ನನ್ನ ಬೈತಾರೆ. ಅಳಿಸಿಬಿಡಿ."

ಎಂಟರ್ ಒತ್ತಿದೆ.

ಮಾದಪ್ಪನವರು ಆಕೆಯನ್ನು ಜೀಪಿನಲ್ಲಿ ಲೈನಿಗೆ ಬಿಟ್ಟು ಬರಲು ಹೊರಟರು. "ಈಗ ಬಂದೆ ಮಾರಾಯ" ಎಂದರು. ಜೀಪಿನ ಸದ್ದು ಇಳಿಜಾರಿನಲ್ಲಿ ಕರಗಿತು. ಆಮೇಲೆ ಸರ್ವರಿನ ಫ್ಯಾನು, ನಾನು, ಗಂಧದ ವಾಸನೆ…

ಇಲ್ಲೊಂದು ಮಾತು ಸರಿಯಾಗಿ ಗಮನಿಸಿ. ಕರೆ ಮಾಡುವ ಸಿಮ್ಮನ್ನು ನಾನು ಹೊರತೆಗೆದಿದ್ದೆ. ಅರ್ಧಂಬರ್ಧ ಕೆಲಸದಲ್ಲಿ ಯಾರಿಗೋ ಸುಮ್ಮನೆ ಕರೆ ಹೋಗಬಾರದು ಎಂದು. ಅದು ಮೇಜಿನ ಮೇಲೆ, ನನ್ನ ಖಾಲಿ ಲೋಟದ ಪಕ್ಕದಲ್ಲಿ ಬಿದ್ದಿತ್ತು. ಸರ್ವರಿಗೆ ನೆಟ್ ಕೇಬಲ್ ಕೂಡ ಇರಲಿಲ್ಲ. ಪರದೆಯಲ್ಲಿ ಲಿನಕ್ಸಿನ ಪಟ್ಟಿ ಆಮೆಯ ಹಾಗೆ ತೆವಳುತ್ತಿತ್ತು.

ಮಾದಪ್ಪ ಬರಲೇ ಇಲ್ಲ. ಹಬ್ಬದ ಉಳಿಕೆ ಬಾಟಲಿ ಲೈನಿನಲ್ಲಿ ಸಿಕ್ಕಿರಬೇಕು ಎಂದು ಬೈದುಕೊಂಡೆ. ಬಚ್ಚಲು ಇದ್ದದ್ದು ಆಫೀಸಿನ ಹಿಂದೆ, ಹೊರಗೆ. ಟಾರ್ಚ್ ತೆಗೆದುಕೊಂಡು ಹಿಂಬಾಗಿಲಿನ ಚಿಲಕಕ್ಕೆ ಕೈ ಹಾಕಿದೆ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ತೆಗೆದು ನೋಡಿದೆ. ಆ ಸಿಮ್ಮಿನ ನಂಬರನ್ನು ನಾನು 'ಆನೆ ಎಸ್ಟೇಟ್' ಎಂದು ಉಳಿಸಿಕೊಂಡಿದ್ದೆ. ಅದೇ ಹೆಸರು ಬೆಳಗುತ್ತಿತ್ತು. ಮೇಜಿನ ಕಡೆ ತಿರುಗಿದೆ. ಸಿಮ್ಮು ಲೋಟದ ಪಕ್ಕದಲ್ಲೇ ಇತ್ತು.

ಆದರೂ ಎತ್ತಿದೆ.

"ಬೆಳ್ಯಪ್ಪ ಮಾತಾಡೋದು…"

ಅದೇ ದನಿ. ನಾನೇ ಇದೇ ಕೋಣೆಯಲ್ಲಿ ಹಿಡಿದಿದ್ದ ದನಿ.

"ಆನೆ ಆಫೀಸ್ ಹಿಂದುಗಡೆ ಉಂಟು. ಯಾರೂ ಹೊರಗೆ ಬರ್ಬೇಡಿ."

ಆಫೀಸ್ ಹಿಂದುಗಡೆ ಎಂಬ ಮಾತನ್ನು ನಾನು ಅವರಿಂದ ಹೇಳಿಸಿರಲೇ ಇಲ್ಲ. ಅಲ್ಲಿ ಕ್ಯಾಮೆರಾನೇ ಇಲ್ಲ. ಕರೆ ಹೋಗುವವರಲ್ಲಿ ನನ್ನ ನಂಬರೂ ಇರಲಿಲ್ಲ. ಕುಶಾಲನಗರದಲ್ಲಿ ಕೂತವನಿಗೆ ಎಸ್ಟೇಟಿನ ಆನೆಯ ಸುದ್ದಿ ಯಾಕೆ?

ಚಿಲಕದಿಂದ ಕೈ ತೆಗೆದೆ. ಆಗ ವಾಸನೆ ಬಂತು… ಕೊಳೆತ ಹಲಸಿನ ಹಣ್ಣಿಗೆ ದನದ ಕೊಟ್ಟಿಗೆ ಸೇರಿಸಿದ ಹಾಗೆ. ಬಾಗಿಲಿನ ಆಚೆ ಏನೋ ಗೋಡೆಗೆ ಮೈ ಉಜ್ಜಿತು. ಮಾಡಿನ ಹೆಂಚು ಕಟಕಟ ಎಂದಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಫುಸ್ಸ್ ಎಂದು ಬಿಸಿಯುಸಿರು ನುಗ್ಗಿ ನನ್ನ ಕಾಲ್ಬೆರಳಿಗೆ ತಾಗಿತು. ನಾನು ಉಸಿರು ಬಿಗಿಹಿಡಿದು ರ‍್ಯಾಕಿಗೆ ಒರಗಿ ನಿಂತೆ. ಗೊತ್ತಿದ್ದ ದೇವರನ್ನೆಲ್ಲ ಕರೆದೆ, ಗೊತ್ತಿಲ್ಲದವರನ್ನೂ ಕರೆದೆ.

ಅಷ್ಟರಲ್ಲಿ ಕೆಳಗಿನ ಲೈನಿನಿಂದ ಸದ್ದು ಕೇಳಿತು. ಒಂದು ಫೋನು ಹೊಡೆದುಕೊಂಡಿತು. ಇನ್ನೊಂದು. ಮತ್ತೊಂದು… ಮನೆಯಿಂದ ಮನೆಗೆ ಸದ್ದು ಸಾಗಿತು. ನಾಯಿಗಳು ಒಮ್ಮೆಲೇ ಊಳಿಟ್ಟವು. ಕಿಟಕಿಯಿಂದ ನೋಡಿದರೆ ದೀಪಗಳು ಹತ್ತುತ್ತಿದ್ದವು, ಬಾಗಿಲು ಮಾತ್ರ ಒಂದೂ ತೆರೆಯಲಿಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಬಿದಿರು ಮುರಿಯುವ ಸದ್ದು ದೂರ ದೂರ ಹೋಯಿತು. ಬೆನ್ನ ಹಿಂದೆ ಏನೋ ಕೀಂಕ್ ಎಂದಾಗ ಕಿರುಚಿಕೊಂಡೆ. ಲಿನಕ್ಸ್ ಹಾಕಿ ಮುಗಿದಿತ್ತು.

ಬೆಳಕು ಹರಿದ ಮೇಲೆಯೇ ಮಾದಪ್ಪನವರ ಜೀಪು ಬಂತು. "ನೀವು ಅವರ ದನಿ ಅಳಿಸಿಲ್ವಾ ಹಂಗಾದ್ರೆ?" ಎಂದು ಇಳಿಯುತ್ತಲೇ ಕೇಳಿದರು. ವಾಪಸು ಬರಲು ಜೀಪಿಗೆ ಕಾಲಿಡುವಾಗ ಅವರ ಫೋನೂ ಹೊಡೆದುಕೊಂಡಿತ್ತಂತೆ. ನನಗೂ ಬಂತು ಎಂದು ಹೇಳಿ, ಮೇಜಿನ ಮೇಲಿದ್ದ ಸಿಮ್ಮನ್ನು ತೋರಿಸಿದೆ. ಹಿಂಬಾಗಿಲು ತೆಗೆದರೆ ಹೊಸಿಲಿನ ಹತ್ತಿರವೇ ಮೊರದಗಲದ ಹೆಜ್ಜೆ, ಲದ್ದಿ. ಅವರು ಅಲ್ಲೇ ಕುಕ್ಕರಿಸಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ನಮ್ಮ ಕಾರಣವ ಕಾಪಾಡಿದ್ದು" ಎಂದರು. ಕಾರಣವ ಅಂದರೆ ಹಿರಿಯರ ಆತ್ಮ. ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಉಳಿದ ಕೆಲಸ ಯಂತ್ರದ ಹಾಗೆ ಮುಗಿಸಿದೆ. ಸಿಮ್ಮು ಹಾಕಿದೆ, ನಂಬರುಗಳನ್ನೆಲ್ಲ ಹೊಸದಾಗಿ ಸೇರಿಸಿದೆ, ಮಾದಪ್ಪನವರ ದನಿ ತುಂಬಿದೆ. ಅಷ್ಟು ಹೊತ್ತಿಗೆ ಲೈನಿನ ಜನ ಅಂಗಳದಲ್ಲಿ ಸೇರಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು. ನಂಗೂ ಬಂತು, ನಂಗೂ ಬಂತು. ಅಂಗಳ ತುಂಬ ಒಂಥರಾ ಸಂಭ್ರಮ.

ಜಾನಕಕ್ಕ ಗುಂಪಿನಿಂದ ಬಿಡಿಸಿಕೊಂಡು ಒಳಗೆ ಬಂದರು. ತಮ್ಮ ಬಟನ್ ಫೋನನ್ನು ನನ್ನ ಮುಂದೆ ಚಾಚಿದರು.

"ಇದು ಕೆಟ್ಟಿದ್ಯಾ ನೋಡಿ ಅಣ್ಣ."

"ಯಾಕಕ್ಕ?"

"ರಾತ್ರಿ ಇದು ಹೊಡ್ಕೊಳ್ಲೇ ಇಲ್ಲ. ಈಚೆ ಮನೆಗೆ ಬಂತು, ಆಚೆ ಮನೆಗೆ ಬಂತು. ಗೋಡೆ ಆ ಕಡೆಯಿಂದ ಅವರ ದನಿ ನಂಗೆ ಕೇಳಿಸ್ತು. ನಾನು ಇದನ್ನ ಕೈಯಲ್ಲಿ ಹಿಡ್ಕೊಂಡೇ ಕೂತಿದ್ದೆ…"

ಚಾರ್ಜ್ ಇತ್ತು. ಸಿಗ್ನಲ್ಲೂ ಇತ್ತು. ಸರ್ವರಿನಿಂದ ಅವರ ನಂಬರಿಗೆ ಒಂದು ಪರೀಕ್ಷೆಯ ಕರೆ ಬಿಟ್ಟೆ. ಫೋನು ಅವರ ಕೈಯಲ್ಲೇ ಜೋರಾಗಿ ಹೊಡೆದುಕೊಂಡಿತು. ಆಕೆ ಬೆದರಿದವರಂತೆ ಅವಸರವಸರವಾಗಿ ಕಿವಿಗಿಟ್ಟುಕೊಂಡರು. "ಮಾದಪ್ಪ ಮಾತಾಡೋದು…" ನನಗೂ ಕೇಳಿಸಿತು. ಪೂರ್ತಿ ಕೇಳಿ ಮೆಲ್ಲಗೆ ಇಳಿಸಿದರು.

"ಸರಿ ಇದೆ ಹಾಗಾದ್ರೆ" ಎಂದರು. ಬಾಗಿಲ ಕಡೆ ಒಮ್ಮೆ ನೋಡಿ, ಹೊರಗಿನವರಿಗೆ ಕೇಳದ ಹಾಗೆ, "ಅಳಿಸಿ ಅಂತ ನಾನೇ ಅಂದೆನಲ್ಲ ಅಣ್ಣ. ಅದಕ್ಕೆ ನನ್ ಮೇಲೆ ಸಿಟ್ಟಾ ಅವರಿಗೆ?"

ಒತ್ತಿದ್ದು ನಾನು ಅಕ್ಕ, ಸಿಟ್ಟಿದ್ದರೆ ನನ್ನ ಮೇಲಿರಬೇಕು ಎಂದೆ. ಬಾಯಲ್ಲಿ ಅಂದೆ ಅಷ್ಟೇ. ನನಗೆ ಕರೆ ಬಂದಿದೆ ಎಂದು ಅವರಿಗೆ ಗೊತ್ತಿತ್ತು.

ಈಗಲೂ ಎಸ್ಟೇಟಿಗೆ ಆನೆ ಬಂದ ಮರುದಿನ ಜಾನಕಕ್ಕ ನನಗೆ ಫೋನ್ ಮಾಡುತ್ತಾರೆ. "ನಿನ್ನೆ ಎಲ್ಲರಿಗೂ ರೈಟರ್ ದನಿಯೇ ಬಂತಂತೆ ಅಣ್ಣ. ನಂಗೂ ಅದೇ ಬಂತು." ಎಲ್ಲರ ಹಾಗೆ ತನಗೂ ಎಂಬ ನೆಮ್ಮದಿ ಆ ದನಿಯಲ್ಲಿ ಕೇಳುತ್ತದೆ.

ಆದ್ದರಿಂದ ಒಂದು ವಿಷಯ ಅವರಿಗೆ ಹೇಳಿಲ್ಲ. ಮೊನ್ನೆ ಮಲಗಿದ್ದಾಗ ಮತ್ತೆ ನನ್ನ ಫೋನು ಹೊಡೆದುಕೊಂಡಿತು. 'ಆನೆ ಎಸ್ಟೇಟ್'. ಎತ್ತಿದೆ. ಆ ಕಡೆ ಮಾತಿಲ್ಲ. ಯಾರೋ ಉಸಿರಾಡುತ್ತಿದ್ದರು, ಮನುಷ್ಯರ ಉಸಿರು. ನನಗೆ ಭಯಕ್ಕಿಂತ ಸಿಟ್ಟೇ ಬಂತು.

"ಬೆಳ್ಯಪ್ಪಣ್ಣ, ನಂಗೆ ಮಾಡ್ಬೇಡಿ. ಜಾನಕಕ್ಕಂಗೆ ಒಂದ್ಸಲ ಮಾಡಿ" ಎಂದೆ.

ಕರೆ ಕಟ್ಟಾಯಿತು.

ಮರುದಿನವೆಲ್ಲ ಅಂಗಡಿಯಲ್ಲಿ ಕೆಲಸ ಬಿಟ್ಟು ಫೋನು ನೋಡುತ್ತ ಕೂತಿದ್ದೆ. ಸಂಜೆಗೆ ಜಾನಕಕ್ಕನ ಕರೆ ಬಂತು. ಮೊದಲ ರಿಂಗಿಗೇ ಎತ್ತಿದೆ. ಮಳೆ ಬಿಟ್ಟಿದೆ, ರಾತ್ರಿ ಆನೆ ಬರಲಿಲ್ಲ, ಚೆನ್ನಾಗಿ ನಿದ್ದೆ ಬಂತು ಎಂದರು. ಆನೆ ಬಾರದ ಮರುದಿನ ಆಕೆ ಫೋನ್ ಮಾಡಿದ್ದು ಅದೇ ಮೊದಲು. ಮತ್ತೇನಾದರೂ ಇದೆಯಾ ಅಕ್ಕ ಎಂದು ಕೇಳಿದೆ.

"ಏನಿಲ್ಲ ಅಣ್ಣ" ಎಂದರು.