ನಾಲ್ಕನೇ ಫೇಸು

ಮಾರಂಡಹಳ್ಳಿಯ ನಮ್ಮ ಬೀದಿಯಲ್ಲಿ ಮೊದಲು ಸೋಲಾರ್ ಹಲಗೆ ಏರಿಸಿದವರು ಎದುರುಮನೆಯ ದೊಡ್ಡಪ್ಪ. ಬ್ಯಾಟರಿ, ಇನ್ವರ್ಟರ್ ಸಮೇತ ನಡೆದ ಆ ಪ್ರತಿಷ್ಠಾಪನೆಗೆ ಕಾಯಿ ಒಡೆದು, ಮೀಸೆ ನೀವಿಕೊಂಡು ಲೋಕಕ್ಕೆ ಸಾರಿದರು: "ಮೂರ್ ಫೇಸು ಗೌರ್ಮೆಂಟ್ದು, ನಾಲ್ಕನೇದು ನಂದು ಕಣ್ಲಾ!" ಕೇಳದವರಿಗೂ ದಿನವೂ ಇದನ್ನೇ ಹೇಳುತ್ತಿದ್ದರು.

ಒಂದು ಫೇಸ್ ಸತ್ತರೆ ಮನೆಯನ್ನು ಇನ್ನೊಂದಕ್ಕೆ ಸೇರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಒಂದು ಮಧ್ಯಾಹ್ನ ಮೂರೂ ಸತ್ತಾಗ ದೊಡ್ಡಪ್ಪ ರೂಢಿಯಂತೆ ಇನ್ವರ್ಟರ್ ವೈರನ್ನು ಬೋರ್ಡಿಗೆ ಸಿಕ್ಕಿಸಿದರು. ಕಂಬದ ಕಡೆಯ ಫ್ಯೂಸು ಕೀಳಲಿಲ್ಲ. ಕರೆಂಟು ಮನೆಗೂ ಬಂತು, ಕಂಬಕ್ಕೂ ಹೋಯಿತು. ಅಲ್ಲಿ ಟ್ರಾನ್ಸ್‌ಫಾರ್ಮರ್ ಆಫ್ ಮಾಡಿ, ದೊಡ್ಡಪ್ಪನ ಮನೆಯ ತಂತಿಯನ್ನೇ ನಿಶ್ಚಿಂತೆಯಿಂದ ಕಟ್ಟುತ್ತ ಲೈನ್‌ಮನ್ ಇದ್ದ.

ಶಾಕ್ ಹೊಡೆದು ಕೆಳಗಿನ ಹುಲ್ಲಿನ ಮೆದೆಯ ಮೇಲೆ ಬಿದ್ದದ್ದರಿಂದ ಬದುಕಿದ. ಸುಟ್ಟ ಅಂಗೈಗೆ ಉಫ್ ಎನ್ನುತ್ತ ಹೇಳಿದ: "ಅಡೇಯಪ್ಪಾ, ನಿನ್ ನಾಲ್ಕನೇ ಫೇಸು ಕಂಬ ಅತ್ತಿ ಬಂದು ನನ್ನೂ ಮಾತಾಡಿಸ್ತಲ್ಲಣ್ಣಾ!"

ದೊಡ್ಡಪ್ಪನ ಕೈ ಮೀಸೆಯಿಂದ ಇಳಿಯಿತು; ಮತ್ತೆ ಏರಲಿಲ್ಲ.

ಆಮೇಲೆ ಅವನು ಕಂಬ ಹತ್ತಿದಾಗಲೆಲ್ಲ ದೊಡ್ಡಪ್ಪ ಮನೆಯ ಫ್ಯೂಸುಗಳನ್ನೆಲ್ಲ ಕಿತ್ತು, ಬೊಗಸೆಯಲ್ಲಿ ಹಿಡಿದು, ಕಂಬದ ಬುಡದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದರು.

"ಬಿಸಿಲೈತೆ, ಮನೀಗ್ ಓಗಣ್ಣಾ," ಎಂದು ಅವನು ಮೇಲಿನಿಂದ ಕೂಗುತ್ತಿದ್ದ.

"ನೀನ್ ಮೊದ್ಲು ಇಳಿಯಪ್ಪಾ," ಎನ್ನುತ್ತಿದ್ದರು.