ಅಳೆದು ಕೇಳಿದ ಸಿಮೆಂಟು

ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲದಲ್ಲಿ ರಾಯರು ಕುಮಟೆಯ ಮನೆ ನಕ್ಷೆ ಬರೆಯುವವರ ಸಂಘದ ಕಾರ್ಯದರ್ಶಿ. ಏನು ಕೇಳಿದರೂ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಅಳೆದೇ ಹೇಳ್ತೆ" ಎನ್ನುತ್ತಿದ್ದರು.

ಸದಸ್ಯರು ನಕ್ಷೆ ಬರೆದ ಮನೆಗಳಿಗೆಲ್ಲ ಸಿಮೆಂಟು ಕೇಳಿ ಸಂಘದ ಅರ್ಜಿ ಹೊರಟಾಗ, ಗೋಡೆ ಕಟ್ಟುವ ಚಿರೆಕಲ್ಲು ಮಾರುತ್ತಿದ್ದ ನಾನು ಬುದ್ಧಿ ಹೇಳಿದೆ: "ರಾಯರೇ, ದುಪ್ಪಟ್ಟು ಬರೀರಿ. ಪರ್ಮಿಟ್ ಸಾಹೇಬ್ರು ಅರ್ಧ ಕಡಿದೇ ಕೊಡೂದು."

"ಹಾಂಗಾದ್ರೆ ನಮ್ಮ ನಕ್ಷೆ ಯಾರು ನಂಬ್ತಾರೆ ಮಾರಾಯಾ?"

ಬೇಕಾದಷ್ಟೇ ಕೇಳಿದರು, ಅರ್ಧ ಸಿಕ್ಕಿತು. ಮರಳು ಹೆಚ್ಚು ಬೆರೆಸಿ ಎಲ್ಲ ಮನೆಗಳನ್ನೂ ಮುಗಿಸೋಣ ಎಂದು ಸದಸ್ಯರು ಕೂಗಾಡಿದರು. ರಾಯರು ಒಪ್ಪದೆ, ಅರ್ಧ ಮನೆಗಳನ್ನು ಮುಂದಿನ ವರ್ಷಕ್ಕೆ ತಳ್ಳಿದರು. ಅವುಗಳಲ್ಲಿ ಮೊದಲನೆಯದು ಅವರ ಬಸುರಿ ತಂಗಿಯದು. ಪಕ್ಷಪಾತವೆಂದು ಯಾರೂ ಅನ್ನಬಾರದಲ್ಲ.

ಆಕೆ ಆ ಮಳೆಗಾಲ ಗಂಡನ ಅಣ್ಣನ ಜಗಲಿಯಲ್ಲಿ ಹೆತ್ತಳು. ತವರಿಗೆ ಹೇಳಿ ಕಳಿಸಲಿಲ್ಲ. ಸೋದರಳಿಯ ಹುಟ್ಟಿದ ಸುದ್ದಿಯನ್ನು ರಾಯರು ನನ್ನ ಬಾಯಿಂದ ಕೇಳಿದರು.